ಚಕ್ಕಡಿ ಏರಿದ ಪ್ಲೇಟು

ಹಳೆಯ ಗ್ರಾಮಫೋನ್ ಪ್ಲೇಟು ಕೊಳ್ಳಲು ಬರುವವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಾರೆ. ಮೈ ಕಪ್ಪಗೆ ಹೊಳೆಯುತ್ತಿದ್ದರೆ ದರ ಹೇಳುತ್ತಾರೆ, ಸವೆದು ಬೂದುಬಣ್ಣಕ್ಕೆ ತಿರುಗಿದ್ದರೆ ಪಕ್ಕಕ್ಕೆ ಸರಿಸುತ್ತಾರೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯ ಮೈಕ್‌ಸೆಟ್ಟಿನವರ ಮನೆಗಳ ಅಟ್ಟದ ಮೇಲೆ ನಾನು ಕಂಡ ಪ್ಲೇಟುಗಳಲ್ಲಿ ಹೀಗೆ ಪಕ್ಕಕ್ಕೆ ಸರಿದವೇ ಹೆಚ್ಚು. ನನ್ನ ಮಟ್ಟಿಗೆ ಅವೇ ಬೆಲೆಯುಳ್ಳವು. ಅವು ಪಡಸಾಲೆಯಲ್ಲಿ ಕೂತು ಹಾಡಿದ ಪ್ಲೇಟುಗಳಲ್ಲ. ಚಕ್ಕಡಿ, ಟಾಂಗಾ, ಜೀಪು, ಟ್ರ್ಯಾಕ್ಟರ್ ಏರಿ ಹಳ್ಳಿ ಹಳ್ಳಿಯ ಧೂಳು ಕುಡಿದು ಹಾಡಿದವು. ಈ ಭಾಗದ ಜನ ಯಾವ ಹಾಡನ್ನು ಎಷ್ಟು ಸಲ ಕೇಳಿದರು ಎನ್ನುವುದಕ್ಕೆ ಆ ಸವೆತಕ್ಕಿಂತ ಗಟ್ಟಿಯಾದ ದಾಖಲೆ ನಮ್ಮ ಹತ್ತಿರ ಇಲ್ಲ.

ನಾನು ಐರಣಿಯವನು. ತುಂಗಭದ್ರೆಯ ದಂಡೆಯ ಈ ಊರನ್ನು ಭಕ್ತರು ಹೊಳೆಮಠದಿಂದ ಬಲ್ಲರು, ಇತಿಹಾಸ ಓದಿದವರು ಕೋಟೆಯಿಂದ ಬಲ್ಲರು. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಆರ್ಥರ್ ವೆಲ್ಲೆಸ್ಲಿ ಈ ಕೋಟೆಯನ್ನು ಹಿಡಿದ. ಆ ಸಂಗತಿಯನ್ನು ಬರೆದವರಿದ್ದಾರೆ. ಮೈಕ್‌ಸೆಟ್ಟಿನವರ ಸಂಗತಿಯನ್ನು ಬರೆದವರಿಲ್ಲ. ನನ್ನ ಸೋದರಮಾವ ರಾಣೆಬೆನ್ನೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. 1960ರ ದಶಕದ ಕೊನೆಯಲ್ಲಿ, ಶಾಲೆಗೆ ಸೂಟಿ ಬಿಟ್ಟಾಗಲೆಲ್ಲ, ನಾನು ಅವರ ಬೆನ್ನಿಗೆ ಬಿದ್ದು ತಿರುಗಿದವನು. ಪ್ಲೇಟಿನ ಪೆಟ್ಟಿಗೆ ಕಾಯುವುದು, ಕೀಲಿ ಕೊಡುವುದು, ಮುಳ್ಳು ಬದಲಿಸಿ ಕೊಡುವುದು ನನ್ನ ಕೆಲಸ.

ಓಡುವ ಗಾಡಿಯಲ್ಲಿ ಪ್ಲೇಟು ಹಾಡಿಸಬೇಕೆಂಬ ಹಂಬಲ ನಮ್ಮ ಕಡೆಗಷ್ಟೇ ಇದ್ದದ್ದಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1956ರ ಮಾದರಿಯ ಕಾರುಗಳಲ್ಲಿ ‘ಹೈವೇ ಹೈ-ಫೈ’ ಎಂಬ ಯಂತ್ರ ಕೂಡಿಸಿ ಕೊಟ್ಟಿತು. ಮಾಡಿದವರು ಪೀಟರ್ ಗೋಲ್ಡ್‌ಮಾರ್ಕ್. 1948ರಲ್ಲಿ ಬಂದ ಎಲ್‌ಪಿ ರಿಕಾರ್ಡಿನ ಹಿಂದೆ ದುಡಿದವರೂ ಅವರೇ. ಡ್ಯಾಶ್‌ಬೋರ್ಡಿನ ಅಡಿಗೆ ಒಂದು ಪೆಟ್ಟಿಗೆ, ಅದರಲ್ಲಿ ಏಳಿಂಚಿನ ಪ್ಲೇಟು. ಅದು ನಿಮಿಷಕ್ಕೆ 16⅔ ಸುತ್ತಿನಂತೆ ನಿಧಾನ ತಿರುಗುತ್ತ ಒಂದು ಮಗ್ಗುಲಿಗೆ ಮುಕ್ಕಾಲು ತಾಸು ಹಾಡುತ್ತಿತ್ತು. ಆದರೆ ಆ ಯಂತ್ರಕ್ಕೆ ಅದರದೇ ಪ್ಲೇಟು ಬೇಕು, ಅಂಗಡಿಯಲ್ಲಿ ಸಿಗುವ ಬೇರೆ ಪ್ಲೇಟು ಹಾಕುವಂತಿಲ್ಲ. ಕೆಟ್ಟರೆ ರಿಪೇರಿ ಬಲ್ಲವರು ಸಿಗುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 1960ರಲ್ಲಿ ಆರ್‌ಸಿಎ ಕಂಪನಿಯದು ಬಂತು. ಅದು 45 ಸುತ್ತಿನ ಹದಿನಾಲ್ಕು ಪ್ಲೇಟುಗಳನ್ನು ಒಂದಾದ ಮೇಲೊಂದರಂತೆ ಹಾಡಿಸುತ್ತಿತ್ತು. ಪ್ಲೇಟಿನ ಹಾಡುವ ಮಗ್ಗುಲು ಕೆಳಕ್ಕೆ, ಮುಳ್ಳು ಕೆಳಗಿನಿಂದ ಮೇಲಕ್ಕೆ ಒತ್ತುವ ಕಟ್ಟು ಅದರದು. ಯುರೋಪಿನಲ್ಲಿ ಫಿಲಿಪ್ಸ್ ಕಂಪನಿ ‘ಆಟೋ ಮಿನ್ಯೋನ್’ ಎಂಬುದನ್ನು ಮಾಡಿತು. ಕಿಂಡಿಯೊಳಗೆ ಪ್ಲೇಟು ತೂರಿದರೆ ಸಾಕು, ತಾನೇ ಹಾಡುತ್ತಿತ್ತು. ಬೀಟಲ್ಸ್ ತಂಡದ ಜಾನ್ ಲೆನನ್ ತನ್ನ ರೋಲ್ಸ್ ರಾಯ್ಸ್ ಕಾರಿನಲ್ಲಿ ಅದನ್ನೇ ಹಾಕಿಸಿಕೊಂಡಿದ್ದ.

ಅದೇ ಲೆನನ್ನನ ಹಾಡುಗಳು ಅದೇ 1960ರ ದಶಕದಲ್ಲಿ ನಮ್ಮ ದೇಶದಲ್ಲಿ 78 ಸುತ್ತಿನ ಅರಗಿನ ಪ್ಲೇಟಿನ ಮೇಲೆ ಅಚ್ಚಾದವು. ಇಂಗ್ಲೆಂಡು, ಅಮೆರಿಕಗಳು ಆ ಜಾತಿಯ ಪ್ಲೇಟನ್ನು ಆಗಲೇ ಬಿಟ್ಟಾಗಿತ್ತು. ಇಂಡಿಯಾ ಬಿಟ್ಟಿರಲಿಲ್ಲ, ಯಾಕೆಂದರೆ ಇಲ್ಲಿಯ ಬಹಳಷ್ಟು ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ಕೀಲಿ ಕೊಟ್ಟರೆ ತಿರುಗುವ ಗ್ರಾಮಫೋನೇ ಇನ್ನೂ ಬಳಕೆಯಲ್ಲಿತ್ತು, ಅದಕ್ಕೆ 78ರ ಪ್ಲೇಟೇ ಆಗಬೇಕು. ಕಲ್ಕತ್ತೆಯಲ್ಲಿ 1908ರಲ್ಲಿ ಶುರುವಾಗಿ ಆಮೇಲೆ ಡಮ್‌ಡಮ್‌ಗೆ ಹೋದ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಸುಮಾರು 1970ರವರೆಗೂ ಅವನ್ನು ಒತ್ತಿ ಕಳಿಸುತ್ತಲೇ ಇತ್ತು. ಹೀಗಾಗಿ ನಾನು ಮಾಮಾನ ಬೆನ್ನು ಹತ್ತಿದ ಕಾಲಕ್ಕೆ ಅವರ ಪೆಟ್ಟಿಗೆಯಲ್ಲಿ ಅರಗಿನ ಪ್ಲೇಟೂ ಇದ್ದವು, ಹೊಸದಾಗಿ ಬಂದ ವಿನೈಲ್ ಇಪಿಗಳೂ ಇದ್ದವು. ಎರಡೂ ಚಕ್ಕಡಿ ಏರಿದವು. ಎರಡಕ್ಕೂ ತಮ್ಮ ತಮ್ಮ ಕಷ್ಟ.

ಆ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಕಸುಬಿನ ಜಾಣತನವೆಲ್ಲ ಅದರೊಳಗೇ ಇದೆ. ಪ್ಲೇಟಿನ ಗೆರೆ ಅಡ್ಡಡ್ಡ ನುಲಿಯುತ್ತ ಹೋಗುತ್ತದೆ, ಮುಳ್ಳು ಆ ನುಲಿತಕ್ಕೆ ತಕ್ಕಂತೆ ಆಚೀಚೆ ಅಲುಗುತ್ತದೆ, ಆ ಅಲುಗೇ ದನಿ. ಗಾಡಿಯ ಗಾಲಿ ಕಲ್ಲು ಹತ್ತಿ ಇಳಿದರೂ ಮುಳ್ಳು ಅಲುಗುತ್ತದೆ. ಯಾವುದು ಹಾಡಿನ ಅಲುಗು, ಯಾವುದು ಕಲ್ಲಿನ ಅಲುಗು ಎಂದು ಮುಳ್ಳಿಗೆ ತಿಳಿಯುವುದಿಲ್ಲ. ಅರಗಿನ ಪ್ಲೇಟಿನ ಗೆರೆ ಅಗಲ, ಗ್ರಾಮಫೋನಿನ ತಲೆ ಭಾರ, ಆದ್ದರಿಂದ ಸಣ್ಣಪುಟ್ಟ ಕುಲುಕಾಟಕ್ಕೆ ಮುಳ್ಳು ಗೆರೆ ಬಿಡುವುದಿಲ್ಲ. ಆದರೆ ಪ್ಲೇಟು ಕೈಜಾರಿತೋ, ಮುಗಿಯಿತು. ಅರಗು, ಕಲ್ಲಿನ ಪುಡಿ, ಮಸಿ ಕಲಸಿ ಒತ್ತಿದ ವಸ್ತು, ಬಿದ್ದರೆ ಚೂರೇ. ವಿನೈಲ್ ಬಿದ್ದರೆ ಒಡೆಯುವುದಿಲ್ಲ. ಅದರ ಗೆರೆ ಮಾತ್ರ ಬಲು ಸಣ್ಣದು. 78ರ ಮುಳ್ಳಿನ ತುದಿಯ ಅಳತೆಯ ಮೂರನೇ ಒಂದು ಪಾಲು ಇದರ ಮುಳ್ಳಿನ ತುದಿ. ಎತ್ತು ಬಾಲ ಝಾಡಿಸಿ ಒಮ್ಮೆ ನೊಗ ಎಳೆದರೂ ಮುಳ್ಳು ಪಲ್ಲವಿಯಿಂದ ಜಿಗಿದು ಚರಣಕ್ಕೆ ಹೋಗಿರುತ್ತಿತ್ತು. ಮೈಕ್‌ಸೆಟ್ಟಿನ ಹುಡುಗರು ಅದಕ್ಕೆ ಕಂಡುಕೊಂಡ ಉಪಾಯ ತಲೆಯ ಮೇಲೆ ನಾಲ್ಕಾಣೆ ನಾಣ್ಯ ಅಂಟಿಸುವುದು. ಮುಳ್ಳು ಜಿಗಿಯುವುದು ನಿಲ್ಲುತ್ತಿತ್ತು, ಆದರೆ ಆ ಭಾರ ಗೆರೆಯನ್ನು ಉತ್ತು ಬಿಡುತ್ತಿತ್ತು. ಅಟ್ಟದ ಮೇಲಿನ ಬೂದು ಪ್ಲೇಟುಗಳ ಬಣ್ಣ ಎಲ್ಲಿಂದ ಬಂತು ಎಂಬುದಕ್ಕೆ ಇದು ಅರ್ಧ ಉತ್ತರ.

ಉಳಿದರ್ಧ ಧೂಳು ಮತ್ತು ಸವೆದ ಮುಳ್ಳು. ಉಕ್ಕಿನ ಮುಳ್ಳನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಿಸಬೇಕು, ಪ್ಲೇಟಿನೊಳಗಿನ ಕಲ್ಲಿನ ಪುಡಿಯೇ ಮುಳ್ಳಿನ ತುದಿಯನ್ನು ಅರೆದು ಗೆರೆಯ ಅಳತೆಗೆ ತರುತ್ತದೆ. ನಾಯಿಯ ಚಿತ್ರದ ತಗಡಿನ ಡಬ್ಬಿ ನನ್ನ ಚಡ್ಡಿಯ ಜೇಬಿನಲ್ಲಿ. ಹಳೆಯ ಮುಳ್ಳನ್ನು ದಾರಿಗೆ ಬಿಸಾಕುವಂತಿಲ್ಲ, ಎತ್ತಿನ ಗೊರಸಿಗೆ ನಟ್ಟರೆ ಏನು ಗತಿ ಎಂದು ಮಾಮಾ ಅದಕ್ಕೊಂದು ಬೇರೆ ಡಬ್ಬಿ ಕೊಟ್ಟಿದ್ದರು. ಆದರೆ ದಾರಿಯ ಮೇಲೆ ಕುಲುಕಾಟದ ನಡುವೆ ಆ ಸಣ್ಣ ತಿರುಪು ಸಡಿಲಿಸಿ, ಹೊಸ ಮುಳ್ಳು ತೂರಿಸಿ, ಮತ್ತೆ ಬಿಗಿಯುವುದಕ್ಕೆ ಪುರಸೊತ್ತು ಸಿಗುವುದು ಅಪರೂಪ. ಒಂದೇ ಮುಳ್ಳಿನ ಮೇಲೆ ಮೂರು ನಾಲ್ಕು ಹಾಡು ಓಡುತ್ತಿದ್ದವು.

ಟೆಂಟ್ ಸಿನಿಮಾದ ಪ್ರಚಾರಕ್ಕೆ ಹೊರಡುವ ಚಕ್ಕಡಿಯ ಏರ್ಪಾಡು ಹೀಗಿರುತ್ತಿತ್ತು. ಮೊದಲು ಬಂಡಿಯ ತುಂಬ ಜೋಳದ ಕಣಿಕೆ ಹಾಸುವುದು, ಅದರ ಮೇಲೆ ನಾಲ್ಕು ಮಡಿಕೆ ಕಂಬಳಿ. ಕಂಬಳಿಯ ಮೇಲೆ ನಾಲ್ಕು ಕಾಲಿನ ಒಂದು ಕಟ್ಟಿಗೆಯ ಚೌಕಟ್ಟು. ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಚೌಕಟ್ಟಿನ ನಾಲ್ಕು ಮೂಲೆಗೂ ಬಿಗಿದು, ಆ ಪಟ್ಟಿಗಳ ಮೇಲೆ ಹಲಗೆಯನ್ನು ತೂಗುಬಿಟ್ಟು, ಹಲಗೆಯ ಮೇಲೆ ಯಂತ್ರ. ಕರೆಂಟಿನ ಮೋಟರು ಬಂಡಿಯಲ್ಲಿ ನಡೆಯುವುದಿಲ್ಲವಾದ್ದರಿಂದ ತಿರುಗಲು ಕೀಲಿಯ ಮೋಟರು, ದನಿಗೆ ಮಾತ್ರ ಹನ್ನೆರಡು ವೋಲ್ಟಿನ ಬ್ಯಾಟರಿಯ ಮೇಲೆ ಓಡುವ ಆಂಪ್ಲಿಫೈಯರು. ಬ್ಯಾಟರಿ ಉಸುಕು ತುಂಬಿದ ಬಕೆಟ್ಟಿನೊಳಗೆ. ಭೋಂಗಾ ಬಂಡಿಯ ಮುಂದಿನ ಗೂಟಕ್ಕೆ. ಎತ್ತಿನ ಕಿವಿಗೆ ದನಿ ನೇರ ಬಡಿಯದಂತೆ ಅದರ ಬಾಯಿ ಸ್ವಲ್ಪ ಮೇಲಕ್ಕೆ ತಿರುಗಿರಬೇಕು. ಹೊಸ ಎತ್ತುಗಳನ್ನು ಈ ಕೆಲಸಕ್ಕೆ ಕಟ್ಟುತ್ತಿರಲಿಲ್ಲ. ಹಬ್ಬ ಹುಣ್ಣಿಮೆಗೆ ಹಲಗೆ, ಡೊಳ್ಳು ಕೇಳಿ ಪಳಗಿದ ಎತ್ತೇ ಬೇಕು.

ಕೀಲಿಯ ಮೋಟರಿನ ಹೊಟ್ಟೆಯಲ್ಲಿ ವೇಗ ಕಾಯುವ ಒಂದು ಭಾಗವಿರುತ್ತದೆ. ಸಣ್ಣ ಕಡ್ಡಿಯ ಸುತ್ತ ಮೂರು ತೆಳು ಉಕ್ಕಿನ ಪಟ್ಟಿ, ಪ್ರತಿ ಪಟ್ಟಿಯ ನಡುವೆ ಗೋಲಿಯಷ್ಟು ಸೀಸದ ಗುಂಡು. ಕಡ್ಡಿ ಜೋರಾಗಿ ತಿರುಗಿದರೆ ಗುಂಡುಗಳು ಹೊರಕ್ಕೆ ಹಾರಿ ಪಟ್ಟಿಗಳು ಬಾಗುತ್ತವೆ, ಬಾಗಿದಾಗ ತುದಿಯ ಬಿಲ್ಲೆ ಹೋಗಿ ಒಂದು ಚರ್ಮದ ತುಣುಕಿಗೆ ತಾಗಿ ವೇಗ ಇಳಿಯುತ್ತದೆ. ಸಮತಲದ ಮೇಲೆ ಅದು ಕರಾರುವಾಕ್ಕು. ಬಂಡಿ ಇಳಿಜಾರಿಗೆ ಬಿದ್ದಾಗ ಗುಂಡುಗಳ ಸಮತೋಲ ತಪ್ಪಿ ದನಿ ಏರಿ ಇಳಿಯತೊಡಗುತ್ತದೆ, ಗಾಯಕರ ಷಡ್ಜ ತೇಲಾಡುತ್ತದೆ. ಆಗ ಹಲಗೆಯ ಒಂದು ಮೂಲೆಯನ್ನು ಬೆರಳಿನಿಂದ ಎತ್ತಿ ಹಿಡಿಯಬೇಕು. ಎಷ್ಟು ಎತ್ತಬೇಕು ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು, ಶ್ರುತಿ ಕೇಳಿಯೇ ತಿಳಿಯಬೇಕು. ಸಂಗೀತ ಕಲಿಯದ ನನ್ನಂಥ ಹುಡುಗರಿಗೆ ಶ್ರುತಿ ಹತ್ತಿದ್ದು ಹಾಗೆ. ‘ಹೈವೇ ಹೈ-ಫೈ’ ಮಾಡಿದವರು ಯಂತ್ರದಿಂದ ಮಾಡಿಸಿದ ಕೆಲಸವನ್ನು ನಮ್ಮಲ್ಲಿ ಮನುಷ್ಯನ ಕೈ ಮಾಡಿತು. ಬಂಡಿ ಹೊಡೆಯುವವನಿಗೂ ಅದರಲ್ಲಿ ಪಾಲಿತ್ತು. ಮಾಮಾ ಅವನಿಗೆ ಹೇಳುತ್ತಿದ್ದುದು ಒಂದೇ ಮಾತು: “ಗಾಡಿ ಓಡ್ಲಾರ್ದಂಗ ಓಡಬೇಕು ನೋಡಪಾ.”

ಚಕ್ಕಡಿ ತಾಸಿಗೆ ಮೂರು ಕಿಲೋಮೀಟರ್ ನಡೆಯಿತೆಂದರೆ ಒಂದು ನಿಮಿಷಕ್ಕೆ ಐವತ್ತು ಮೀಟರ್. 78ರ ಹತ್ತಿಂಚಿನ ಪ್ಲೇಟು ಹಾಡುವುದು ಮೂರು ನಿಮಿಷ, ಮೇಲೆ ಸ್ವಲ್ಪ. ಅಂದರೆ ಒಂದು ಓಣಿಗೆ ಒಂದು ಹಾಡು. ನಮ್ಮ ಊರಿನ ಓಣಿಗಳ ಉದ್ದಕ್ಕೆ ಈ ಲೆಕ್ಕ ಚೆನ್ನಾಗಿ ಕೂಡಿ ಬರುತ್ತಿತ್ತು. ಓಣಿಯ ತುದಿಯ ಕಟ್ಟೆ ಬಂದಾಗ ಬಂಡಿ ನಿಲ್ಲುವುದು, ಪ್ಲೇಟು ತಿರುವಿ ಹಾಕುವುದು, ಕೀಲಿ ಕೊಡುವುದು, ಅಷ್ಟರಲ್ಲಿ ಮಾಮಾ ಮೈಕು ಹಿಡಿದು ಸಿನಿಮಾದ ಹೆಸರು, ಟೆಂಟಿನ ಜಾಗ, ಆಟದ ಹೊತ್ತು ಹೇಳುವುದು, ನಾವು ಹುಡುಗರು ಹ್ಯಾಂಡ್‌ಬಿಲ್ ತೂರುವುದು. ಎಲ್‌ಪಿ ಬಂದ ಮೇಲೂ ಪ್ರಚಾರದ ಗಾಡಿಗಳಿಗೆ ಅದು ಒಗ್ಗಲಿಲ್ಲ, ಇಪ್ಪತ್ತು ನಿಮಿಷ ಬಿಡುವಿಲ್ಲದೆ ಹಾಡಿದರೆ ಹೇಳಬೇಕಾದ್ದನ್ನು ಹೇಳುವುದು ಯಾವಾಗ?

ಮಾಮಾ ತಮ್ಮ ಪ್ಲೇಟುಗಳನ್ನು ಎರಡು ಪಾಲು ಮಾಡಿದ್ದರು. ಗಾಡಿಗೆ ಹೋಗಬಹುದಾದವುಗಳ ಲಕೋಟೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ‘ಗಾ’ ಎಂದು ಬರೆದಿರುತ್ತಿದ್ದರು. ಉಳಿದವು ಮದುವೆಯ ಹಂದರದಲ್ಲಿ, ಜಾತ್ರೆಯಲ್ಲಿ, ಕೂತಲ್ಲೇ ಹಾಡುವವು. ಈ ವಿಂಗಡಣೆಗೆ ಬೆಲೆ ಕಾರಣವಲ್ಲ. ಗಾಡಿ ಎದುರಿಗೆ ಹಾದುಹೋಗುವಷ್ಟು ಹೊತ್ತಿನಲ್ಲೇ ಹಾಡು ಮನೆಯೊಳಗಿನವರನ್ನು ಹೊಸ್ತಿಲಿಗೆ ಕರೆತರಬೇಕು. ಉದ್ದನೆಯ ಪಿಟೀಲು, ಕೊಳಲಿನ ಮುನ್ನುಡಿ ಇರುವ ಹಾಡು ಆಗುವುದಿಲ್ಲ, ಮುಳ್ಳು ಇಟ್ಟ ಕೂಡಲೇ ದನಿ ಶುರುವಾಗಬೇಕು. ಮೆಲುದನಿಯ ಭಾವದ ಹಾಡು ಗಾಲಿಯ ಕಬ್ಬಿಣದ ಹಳಿಯ ಸಪ್ಪಳದಲ್ಲಿ ಕರಗಿಹೋಗುತ್ತದೆ. ಮೇಲಿನ ಸ್ಥಾಯಿಯಲ್ಲಿ ಹಾಡುವ ನಾಟಕದ ಮಂದಿ, ಶರಣರ ವಚನ ಹಾಡುವವರು, ಸಿನಿಮಾದ ಜಾನಪದ ಧಾಟಿಯ ಹಾಡುಗಳು ‘ಗಾ’. ಪಿ.ಬಿ. ಶ್ರೀನಿವಾಸರ ಇಂಪಾದ ಹಾಡುಗಳಲ್ಲಿ ಬಹಳಷ್ಟು ಹಂದರಕ್ಕೆ ಉಳಿದವು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಪಿ.ಬಿ. ಧುತ್ತರಗಿಯವರ ನಾಟಕವೇ ಸಿನಿಮಾ ಆದದ್ದು. ಅದರಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ ಹಾಡಿನ ಇಪಿ ಬಂದ ವಾರವೇ ‘ಗಾ’ ಆಯಿತು. ಆ ಪ್ಲೇಟು ಈಗಲೂ ನನ್ನ ಹತ್ತಿರ ಇದೆ, ಆ ಹಾಡಿರುವ ಮಗ್ಗುಲು ಮಾಸಿದ ಹಲಗೆಯ ಬಣ್ಣಕ್ಕೆ ಬಂದಿದೆ, ಇನ್ನೊಂದು ಮಗ್ಗುಲು ಇವತ್ತು ಅಂಗಡಿಯಿಂದ ತಂದಂತಿದೆ.

ಶಾಸ್ತ್ರೀಯ ಸಂಗೀತವೂ ಗಾಡಿ ಏರಿತ್ತೆಂದರೆ ಕೆಲವರು ನಂಬುವುದಿಲ್ಲ. ಅದು ನಮ್ಮ ಸೀಮೆಯ ಸಂಗತಿ, ಹಾಗಾಗಿ ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿಯವರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಮಲ್ಲಿಕಾರ್ಜುನ ಮನ್ಸೂರರ ಪ್ಲೇಟುಗಳು ಬಂದದ್ದೂ ಆ ದಶಕದಲ್ಲೇ. ಗದಗಿನ ಅಂಗಡಿಯೊಂದರಲ್ಲಿ ಹಾಡುತ್ತಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಹುಡುಗ ಭೀಮಸೇನ ಜೋಶಿ ಮನೆ ಬಿಟ್ಟು ಹೋದ ಕತೆ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಹಾಡಿದ ಪ್ಲೇಟಿಗೆ ಇಷ್ಟು ಕಸುವಿದ್ದರೆ ಊರೂರು ತಿರುಗಿದ ಪ್ಲೇಟಿನ ಕಸುವು ಇನ್ನೆಷ್ಟಿದ್ದೀತು! ಕಚೇರಿಗೆ ಹೋಗಲು ಬಸ್‌ಚಾರ್ಜಿಲ್ಲದ, ರೇಡಿಯೋ ಕಾಣದ ಹೆಣ್ಣುಮಕ್ಕಳು ಬೀಸುವ ಕಲ್ಲು ನಿಲ್ಲಿಸಿ ಮೂರು ನಿಮಿಷದ ಮಿಯಾ ಮಲ್ಹಾರ ಕೇಳಿದ್ದನ್ನು ನಾನು ಕಂಡಿದ್ದೇನೆ. ಅವರಿಗೆ ರಾಗದ ಹೆಸರು ಬೇಕಿರಲಿಲ್ಲ. “ಆ ಮಳಿ ಹಾಡು ಇನ್ನೊಮ್ಮಿ ಹಚ್ಚೋ ಯಪ್ಪಾ” ಎನ್ನುತ್ತಿದ್ದರು. ಹಿಂದೂಸ್ತಾನಿ ಸಂಗೀತ ಧಾರವಾಡ ಸೀಮೆಯಲ್ಲಿ ಬೇರೂರಿದ ಬಗೆಯನ್ನು ಬರೆಯುವವರು ಗುರುಗಳ ಹೆಸರು ಬರೆಯುತ್ತಾರೆ, ಆಶ್ರಮಗಳ ಹೆಸರು ಬರೆಯುತ್ತಾರೆ. ಬರೆಯಲೇಬೇಕು. ಅದರ ಪಕ್ಕದಲ್ಲಿ ಮೈಕ್‌ಸೆಟ್ಟಿನ ಗಾಡಿಗೂ ಒಂದು ಸಾಲು ಸಲ್ಲಬೇಕೆಂಬುದು ನನ್ನ ವಾದ.

ಎಲ್ಲ ಸವಾರಿಗಳಿಗಿಂತ ಪ್ಲೇಟಿಗೆ ಒಗ್ಗಿದ್ದು ಹರಿಗೋಲು. ಹೊಳೆಯಾಚೆ ಬೀಗತನ ನಡೆದರೆ ಮೈಕ್‌ಸೆಟ್ಟು ಹರಿಗೋಲಿನಲ್ಲಿ ಹೋಗಬೇಕು. ನೀರಿನ ಮೇಲೆ ಕಲ್ಲಿಲ್ಲ, ತಗ್ಗಿಲ್ಲ. ಮಳೆಗಾಲದ ಸೆಳವು ಇಳಿದ ಮೇಲಿನ ತುಂಗಭದ್ರೆಯಲ್ಲಿ ಮುಳ್ಳು ಒಮ್ಮೆಯೂ ಗೆರೆ ಬಿಡುತ್ತಿರಲಿಲ್ಲ, ನಾಣ್ಯ ಬೇಕಿರಲಿಲ್ಲ, ಹಲಗೆ ಎತ್ತಿ ಹಿಡಿಯಬೇಕಿರಲಿಲ್ಲ. ತೊಡಕು ಇನ್ನೊಂದು: ಹರಿಗೋಲು ಸಾಗುವಾಗ ತಾನೇ ಗಿರಗಿರ ತಿರುಗುತ್ತದೆ. ಅಂಚಿಗೆ ಬಿಗಿದ ಭೋಂಗಾ ಅದರೊಡನೆ ತಿರುಗುತ್ತದೆ. ಹಾಡಿನ ಒಂದು ಸಾಲು ಐರಣಿಯ ದಂಡೆಗೆ, ಮುಂದಿನ ಸಾಲು ಆಚೆಯ ದಂಡೆಗೆ ಕೇಳುತ್ತಿತ್ತು. ಅಂಬಿಗನಿಗೆ ಇದು ಸರಿ ಕಾಣಲಿಲ್ಲ. “ಎರಡೂ ಕಡಿಗಿ ಬೀಗರದಾರ, ಇಬ್ಬರಿಗೂ ಪೂರಾ ಕೇಳಸ್ಲಿ” ಎಂದು ಹುಟ್ಟನ್ನು ಬದಲಿಸಿ ಬದಲಿಸಿ ಹಾಕಿ, ಹೋಗುವಾಗ ಭೋಂಗಾದ ಬಾಯಿ ನಮ್ಮ ದಂಡೆಯ ಕಡೆಗೇ ಇರುವಂತೆ, ನಡುಹೊಳೆ ದಾಟಿದ ಮೇಲೆ ಬೀಗರ ಕಡೆಗಿರುವಂತೆ ನಡೆಸಿದ. ಬ್ಯಾಟರಿಯ ಆ್ಯಸಿಡ್ಡು ಚೆಲ್ಲಿ ಹರಿಗೋಲಿನ ತಳ ಸುಟ್ಟೀತೆಂಬ ಭಯಕ್ಕೆ ಮಾಮಾ ಉಸುಕಿನ ಬಕೆಟ್ಟನ್ನು ಎರಡೂ ಕಾಲಿನ ನಡುವೆ ಅವುಚಿ ಕೂತಿರುತ್ತಿದ್ದರು.

ಚುನಾವಣೆ ಬಂದಾಗ ಎಲ್ಲಕ್ಕೂ ಗಡಿಬಿಡಿ. 1967ರ ಚುನಾವಣೆಯವರೆಗೆ ಕಾಂಗ್ರೆಸ್ಸಿನ ಗುರುತು ಜೋಡೆತ್ತು. ಅವರ ಪ್ರಚಾರದ ಚಕ್ಕಡಿಯ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿದರೆ ಬೇರೆ ಚಿತ್ರವೇ ಬೇಕಿರಲಿಲ್ಲ, ಅದೇ ಎತ್ತುಗಳನ್ನು ಮರುದಿನ ಎದುರಾಳಿ ಬಾಡಿಗೆಗೆ ಕರೆದರೆ ಬಂಡಿಯವರಿಗೆ ಪೇಚು. 1970ರ ದಶಕದಲ್ಲಿ ಜೀಪು, ಟ್ರ್ಯಾಕ್ಟರುಗಳು ಬಂದವು. ಜೀಪು ಪ್ಲೇಟಿಗೆ ಶತ್ರು. ಅದು ಓಡುವಾಗ ಭಾಷಣ, ನಿಂತಾಗ ಹಾಡು ಎಂಬ ಪದ್ಧತಿ ಬಂದದ್ದು ಇದರಿಂದಲೇ. ಟ್ರ್ಯಾಕ್ಟರಿನ ಟ್ರೇಲರು ಇನ್ನೂ ಕಷ್ಟ, ಇಂಜಿನ್ನಿನ ನಡುಕ ಬಿಡದೆ ಹಲಗೆಗೆ ಹತ್ತುತ್ತಿತ್ತು. ಮಾಮಾ ಹಲಗೆಯನ್ನು ಬಿಟ್ಟು ಯಂತ್ರವನ್ನು ನನ್ನ ತೊಡೆಯ ಮೇಲಿಟ್ಟದ್ದು ಆಗ. ಮನುಷ್ಯನ ತೊಡೆಯಷ್ಟು ಚೆನ್ನಾಗಿ ನಡುಕ ನುಂಗುವ ವಸ್ತು ಇನ್ನೊಂದು ಸಿಗಲಿಲ್ಲ. ಗಣಪತಿ ಕಳಿಸುವ ಮೆರವಣಿಗೆಗಳಲ್ಲಿ ಕಾಲು ಜೋಮು ಹಿಡಿದು ಇಳಿಯಲಾಗದೆ ಇಬ್ಬರು ಎತ್ತಿ ಇಳಿಸಿದ್ದುಂಟು.

ಫಿಲಿಪ್ಸ್ ಕಂಪನಿ 1963ರಲ್ಲಿ ಜಗತ್ತಿಗೆ ತೋರಿಸಿದ ಕ್ಯಾಸೆಟ್ಟು ನಮ್ಮ ಹಳ್ಳಿಗಳಿಗೆ ತಲುಪಲು ಹದಿನೈದು ವರ್ಷವಾದರೂ ಹಿಡಿಯಿತು. ಬಂದ ಮೇಲೆ ಪ್ಲೇಟಿನ ಕೆಲಸ ಬಲುಬೇಗ ಮುಗಿಯಿತು. ಟೇಪನ್ನು ಸಣ್ಣ ಒತ್ತು ಹಿಂದಿನಿಂದ ತಲೆಗೆ ಒತ್ತಿ ಹಿಡಿದಿರುತ್ತದೆ, ಗಾಡಿ ಎಷ್ಟು ಕುಲುಕಿದರೂ ಅದಕ್ಕೆ ಚಿಂತೆಯಿಲ್ಲ. ಹಲಗೆ, ರಬ್ಬರ್ ಪಟ್ಟಿ, ಕಣಿಕೆ, ಕಂಬಳಿ ಯಾವುದೂ ಬೇಡವಾಯಿತು. ಹುಡುಗನೂ ಬೇಡವಾದ. 1980ರ ದಶಕದಲ್ಲಿ ಮೈಕ್‌ಸೆಟ್ಟಿನವರು ಪ್ಲೇಟುಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದರು. ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ ಹೂವಿನ ಬುಟ್ಟಿ ಮಾಡಿದವರೂ ಇದ್ದಾರೆ. ಮಾಮಾ ‘ಗಾ’ ಪ್ಲೇಟುಗಳನ್ನು ಕೊಡಲಿಲ್ಲ, ಕೊಳ್ಳುವವರೂ ಇರಲಿಲ್ಲ. ಚೆನ್ನಾಗಿದ್ದವು ಮಾರಿಹೋದವು, ಕೆಟ್ಟವು ಉಳಿದವು. ಹೀಗೆ ಉಳಿದದ್ದರಿಂದಲೇ ನನಗೆ ಈಗ ಲೆಕ್ಕ ಹಾಕಲು ಬರುತ್ತದೆ: ಯಾವ ಪ್ಲೇಟಿನ ಯಾವ ಮಗ್ಗುಲು, ಮೊದಲ ಚರಣದಲ್ಲಿ ಹೆಚ್ಚು ಸವೆದಿದೆಯೋ ಕೊನೆಯದರಲ್ಲೋ. ಹೊರಗಿನ ಅಂಚಿನ ಬೆರಳಗಲದಲ್ಲಿ ಮಾತ್ರ ಗೀರಿದ್ದರೆ ಅದು ಹೊರಡುವ ಗಾಡಿಯಲ್ಲಿ ಮುಳ್ಳು ಇಟ್ಟ ಗುರುತು. ಗೆರೆಗೆ ಅಡ್ಡಲಾಗಿ ಚಂದ್ರನ ಚೂರಿನಂಥ ಗೀರು ಒಳಗಿನ ತನಕ ಹೋಗಿದ್ದರೆ ಅಲ್ಲೊಂದು ತಗ್ಗಿತ್ತೆಂದು ತಿಳಿಯಬೇಕು.

ನಿಮ್ಮ ಮನೆಯ ಅಟ್ಟದಲ್ಲಿ ಇಂಥವು ಇದ್ದರೆ ನನ್ನ ಕೋರಿಕೆ ಇಷ್ಟು. ಅರಗಿನ ಪ್ಲೇಟನ್ನು ಸ್ಪಿರಿಟ್ ಹಚ್ಚಿ ಒರೆಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ತಣ್ಣೀರಿಗೆ ಒಂದು ಹನಿ ಸೋಪಿನ ನೀರು ಸಾಕು, ನಡುವಿನ ಕಾಗದಕ್ಕೆ ನೀರು ತಾಗದಿರಲಿ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ವಿನೈಲ್ ಆದರೆ ತಗಡಿನ ಮಾಡಿನ ಕೆಳಗೆ ಬೇಡ, ಬೇಸಗೆಯಲ್ಲಿ ಬಗ್ಗುತ್ತದೆ. ಲಕೋಟೆ ಹರಿದಿದ್ದರೆ ಹೊಸತು ಹಾಕಿ, ಹಳೆಯದನ್ನೂ ಜೊತೆಗಿಡಿ, ಅದರ ಮೂಲೆಯಲ್ಲಿ ಪೆನ್ಸಿಲ್ಲಿನ ಬರಹವೇನಾದರೂ ಇದ್ದೀತು. ಬಾಡಿಗೆಯ ಹಳೆಯ ವಹಿ ಸಿಕ್ಕರೆ ಅದನ್ನು ಪ್ಲೇಟಿಗಿಂತ ಜೋಪಾನವಾಗಿ ಇಡಿ, ಯಾವ ಊರಿಗೆ, ಯಾರ ಬಂಡಿಯಲ್ಲಿ, ಯಾವ ಕಾರ್ಯಕ್ಕೆ ಎಂಬುದು ಅದರಲ್ಲಿರುತ್ತದೆ.